ಒಳಕ್ಕೆಳೆದ ಹೂಂ

ನನ್ನ ಗೆಳತಿ ರೋಡೀನ ಚಿಕ್ಕಂದಿನಲ್ಲಿ ನಾಟಕ ಬರೆಯಲು ಕಲಿತದ್ದು ತನ್ನ ಅತ್ತೆ ಕ್ರಿಸ್ಸಿಯ ಅಡುಗೆಮನೆಯಲ್ಲಿ, ಮೇಜಿನ ಕೆಳಗೆ ಕೂತು. ಚಹಾಕ್ಕೆ ಬರುತ್ತಿದ್ದ ಹೆಂಗಸರು ಕಲ್ಲಿದ್ದಲ ಗಣಿಯಲ್ಲಿ ಸತ್ತವರ ಸುದ್ದಿಯನ್ನೂ ಓಟ್ಸ್ ರೊಟ್ಟಿಯ ಹದವನ್ನೂ ಒಂದೇ ದನಿಯಲ್ಲಿ ಆಡುತ್ತಿದ್ದರು. ಒಪ್ಪುವ ಮಾತಾದರೆ ನಮ್ಮ ಕೇಪ್ ಬ್ರೆಟನ್ ದ್ವೀಪದವರೆಲ್ಲರ ಹಾಗೆ ಉಸಿರನ್ನು ಒಳಕ್ಕೆಳೆದುಕೊಂಡು "ಹೂಂ" ಅನ್ನುತ್ತಿದ್ದರು. ಆ ಉಸಿರು ರಂಗದ ಮೇಲೆ ಬರಬೇಕೆಂಬುದೇ ರೋಡೀನಳ ಹಟ.

ಟೊರಾಂಟೊದಿಂದ ಬಂದ ನಟಿ ಪೇಜ್‌ಗೆ ಅದು ಒಗ್ಗಲೇ ಇಲ್ಲ. ತಾಲೀಮಿನ ಉದ್ದಕ್ಕೂ ರೋಡೀನ ಚರ್ಚಿನ ಹಾಲ್‌ನಲ್ಲಿ ಶತಪಥ ತಿರುಗಿದಳು.

"ಬಿಕ್ಕಳಿಕೆ ಬಂದ ಹಾಗಿದೆ ಕಣೇ. ಇನ್ನೊಂದ್ಸಲ."

"ಅದನ್ನ ತೆಗೆದುಬಿಡೋಣ, ರೋಡೀನ. ಯಾರಿಗೆ ಗೊತ್ತಾಗತ್ತೆ?"

"ಬೇಕಾದ್ರೆ ನಿನ್ನ ತೆಗೀತೀನಿ. ಅದನ್ನಲ್ಲ."

ಮೊದಲ ಪ್ರದರ್ಶನದ ದಿನ ಅವಳು ಕೂರಲೇ ಇಲ್ಲ. ಪರದೆಯ ಹಗ್ಗ ಹಿಡಿದಿದ್ದ ನನ್ನ ಪಕ್ಕ ನಿಂತು ಉಗುರು ಕಚ್ಚುತ್ತ ನನ್ನ ತಲೆಯನ್ನೂ ಕೆಡಿಸಿದಳು. ಕೊನೆಯ ದೃಶ್ಯದಲ್ಲಿ ಮುದುಕಿಯ ಪಾತ್ರ, ಗಣಿಗಿಳಿದವನ ಬಗ್ಗೆ, "ಅವನಿನ್ನು ಬರಲ್ಲ, ಅಲ್ವಾ," ಅಂತು. ಅದಕ್ಕೆ ಹೂಂ ಅನ್ನಬೇಕಿದ್ದ ಪೇಜ್ ಹೆದರಿ ಸುಮ್ಮನೆ ನಿಂತುಬಿಟ್ಟಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಕ್ರಿಸ್ಸಿ ಅತ್ತೆ, ತನ್ನನ್ನೇ ಕೇಳಿದರೇನೋ ಎಂಬಂತೆ, ಉಸಿರೆಳೆದುಕೊಂಡು "ಹೂಂ" ಅಂದಳು. ಅವಳ ಬೆನ್ನಿಗೇ ಇಡೀ ಹಾಲ್ ಉಸಿರೆಳೆದುಕೊಂಡು ಹೂಂಗುಟ್ಟಿತು.

"ಬಂತಲ್ಲೇ, ಇನ್ನಾದ್ರೂ ಕೂತ್ಕೋ," ಅಂದೆ.

ಅವಳು ಕೂರಲಿಲ್ಲ. "ಮುಂದಿನ ವಾರ ಟೊರಾಂಟೊದಲ್ಲಿ ಆಡ್ಬೇಕು. ಅಲ್ಲಿ ಯಾರೂ ಹೀಗೆ ಅನ್ನಲ್ಲ, ಅಲ್ವಾ?"

ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಉಸಿರು ಒಳಕ್ಕೆ ಹೋಯಿತು.

"ಹೂಂ."