ಹಿಂದಕ್ಕೆ ಹೊರಟಿದ್ದ ದಶರಥ

ಮದುವೆಯ ವಿಡಿಯೊ ಎಡಿಟ್ ಮಾಡಲು ಕೂತರೆ ದಶರಥ ಮೊದಲು ಹೆಣ್ಣು ಕಳಿಸುವ ದೃಶ್ಯವನ್ನು ಉಲ್ಟಾ ಓಡಿಸಿ ನೋಡುತ್ತಿದ್ದ. ಕಾರು ಹಿಂದಕ್ಕೆ ಬರಬೇಕು, ಮದುಮಗಳು ಇಳಿದು ಹಿಂದುಹಿಂದಕ್ಕೆ ನಡೆಯುತ್ತ ತವರಿನ ಬಾಗಿಲೊಳಗೆ ಸೇರಬೇಕು. ಆಮೇಲೆಯೇ ಕೆಲಸ ಶುರು. ಭಾಲ್ಕಿಯಲ್ಲಿ ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ. ಇವನ ತಲೆ ನೆಟ್ಟಗಿಲ್ಲ ಎಂದೇ ಮೊದಮೊದಲು ಅಂದುಕೊಂಡಿದ್ದೆ.

ಅವನ ಅಕ್ಕ ಸುನೀತಾಳನ್ನು ಔರಾದ ಕಡೆ ಕೊಟ್ಟಿದ್ದರು. ಗಂಡನ ಮನೆಯವರ ಬಾವಿಯಲ್ಲಿ ಹೆಣವಾಗಿ ಸಿಕ್ಕಳು. ಕಾಲು ಜಾರಿತು ಎಂದು ಕೇಸು ಮುಗಿಯಿತು. ಯಾರೋ ನೂಕಿದ್ದಾರೆ ಎಂದು ದಶರಥ ನಂಬಿದ್ದ, ಸಾಕ್ಷಿ ಇರಲಿಲ್ಲ. ಅದಕ್ಕೇ ಸಿನಿಮಾ ತೆಗೆಯಲು ಹೊರಟ. ಇನ್ಸ್‌ಪೆಕ್ಟರ್ ಒಬ್ಬ ಟೈಮ್ ಮಷಿನ್ ಹತ್ತಿ ಹಿಂದಿನ ಕಾಲಕ್ಕೆ ಹೋಗಿ, ಕೊಲೆಗಾರನನ್ನು ಹಿಡಿದು ಹುಡುಗಿಯನ್ನೂ ಉಳಿಸುವ ಕಥೆ. ಹಾಳಾದ ಕೂಲರ್‌ನ ತಗಡಿನ ಡಬ್ಬಿಯೇ ಮಷಿನ್. ಖಾಕಿ ನಾನು ಹೊಲಿದೆ, ಅದು ನನಗೇ ಸರಿಯಾಗಿ ಕೂತಿತೆಂದು ಇನ್ಸ್‌ಪೆಕ್ಟರನೂ ನಾನೇ ಆದೆ. ನನ್ನ ಹೊಟ್ಟೆ ಡಬ್ಬಿಯಲ್ಲಿ ಸಿಕ್ಕಿಕೊಂಡಾಗ ಎಲ್ಲರೂ ನಕ್ಕರು.

"ಕಾಕಾ, ನೀವು ನಕ್ಕರ ಅಕ್ಕ ಉಳಿಯಂಗಿಲ್ರಿ" ಅಂದ ದಶರಥ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಕೊನೆಯ ಸೀನನ್ನು ಖಟಕ ಚಿಂಚೋಳಿಯ ಅವನ ಮನೆಯಲ್ಲೇ ತೆಗೆದೆವು. ತಾಯಿಯ ಪಾತ್ರಕ್ಕೆ ಅವನ ತಾಯಿ ರತ್ನಮ್ಮ, ಸುನೀತಾಳ ಪಾತ್ರಕ್ಕೆ ಬೀದರಿನ ನಾಟಕದ ಹುಡುಗಿ. ನಿಜದಲ್ಲಿ ಸುನೀತಾ ಕಡೆಯ ಸಲ ತವರಿಗೆ ಬಂದಾಗ, ವಾಪಸ್ ಹೋಗುವುದಿಲ್ಲ ಎಂದು ಅತ್ತಿದ್ದಳಂತೆ. ರತ್ನಮ್ಮ ಸಮಾಧಾನ ಹೇಳಿ ಕಳಿಸಿದ್ದರು. ಸಿನಿಮಾದಲ್ಲಿ ನಾನು ಅದೇ ಹೊತ್ತಿಗೆ ಬಂದು ತಡೆಯಬೇಕು, ತಾಯಿ "ಹೋಗಬ್ಯಾಡ ಮಗಳ" ಅನ್ನಬೇಕು. ಆ ಒಂದೇ ಮಾತನ್ನು ಮಗ ವಾರವಿಡೀ ಕಲಿಸಿದ್ದ.

ಕ್ಯಾಮೆರಾ ಓಡಿತು. ರತ್ನಮ್ಮ ಹುಡುಗಿಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿದರು. ಕಳಿಸಬೇಡಿ ಎಂದು ನಾನು ಹೊಸ್ತಿಲಲ್ಲಿ ನಿಂತು ಹೇಳಿದೆ. ಅವರು ಹುಡುಗಿಯ ಗಲ್ಲ ಸವರಿ, "ಹೋಗಿ ಬಾ ನನ್ನವ್ವ" ಅಂದರು.

ಮತ್ತೆ ತೆಗೆದೆವು. ಮತ್ತೂ ಅದೇ ಮಾತು. ದಶರಥ ರೇಗಿದ, ಕೈಮುಗಿದ, ತಾಯಿಯ ಕಾಲೂ ಹಿಡಿದ. ರತ್ನಮ್ಮ ನೆಲಕ್ಕೆ ಕೂತುಬಿಟ್ಟರು.

"ಉಡಿ ತುಂಬಿದ ಮ್ಯಾಲ ಹೋಗಬ್ಯಾಡ ಅಂತ ಹ್ಯಾಂಗ ಅನ್ಲಿ? ಬಾಯಾಗ ಬರವಲ್ದಪ್ಪ."

ಆ ತಾಯಿಯ ಮೇಲೆ ನನಗೆ ಸಿಟ್ಟೂ ಬಂತು, ಮರುಕವೂ ಬಂತು. ದಶರಥ ಕ್ಯಾಮೆರಾ ಬಂದ್ ಮಾಡಿ ಹೊರಗೆ ಹೋದ.

ಅಂಗಡಿ ಮುಚ್ಚಿ ಬೀದರಿಗೆ ಹೋದವನು ಅಲ್ಲಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದ. ಒಮ್ಮೆ ಹುಡುಕಿಕೊಂಡು ಹೋದೆ, ಅದೇ ಕೊನೆಯ ಭೇಟಿ. ಚಹಾ ಕುಡಿಸಿದ. ಆ ಸೀನು ಬಿಟ್ಟು ಸಿನಿಮಾ ಮುಗಿಸಪ್ಪ, ಕೊಂದವನನ್ನಾದರೂ ತೋರಿಸು ಎಂದೆ.

"ಅವನ್ನ ಹಿಡಿಯಾಕೇ ಹಿಂದಕ ಹೊಂಟಿದ್ನಿರಿ ಕಾಕಾ" ಅಂದ. "ದಾರ್‍ಯಾಗ ಅವ್ವ ಸಿಕ್ಕಳು. ಅಕಿನ್ನ ದಾಟಿ ಹ್ಯಾಂಗ ಹೋಗ್ಲಿ?"