ಒಂದೇ ಕವರಿನ ಗಲಾಟೆಗಳು

ಬೆಳಿಗ್ಗೆ ಪತ್ರಿಕೆಯ ಆಫೀಸಿಗೆ ಬಂದವನೇ ಅವನು ಅಂದಿನ ನಿಧನ ವಾರ್ತೆಗಳನ್ನು ನಿಂತುಕೊಂಡೇ ಓದುತ್ತಿದ್ದ. ಓದಿ ಮುಗಿಯುವ ತನಕ ಕುರ್ಚಿ ಮುಟ್ಟುತ್ತಿರಲಿಲ್ಲ. ಹೋದವರು ಯಾರೇ ಆಗಲಿ, ಕಾಲು ಚಾಚಿ ಕೂತು ಓದುವುದು ಅವನ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಆಮೇಲೆ ಕತ್ತರಿ, ಗೋಂದು, ಪತ್ರಿಕೆಗಳ ಕಟ್ಟು. ಸುದ್ದಿಗಳನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಕವರುಗಳಲ್ಲಿ ಹಾಕಿಡುವುದೇ ಅವನ ಕೆಲಸ. ಹಾಗಾಗಿ ಇಡೀ ಆಫೀಸಿಗೆ ಅವನು ಗೋಂದಣ್ಣ. "ಗೋಂದಣ್ಣನ ಕೈ ಕುಲುಕಬೇಡ್ರಪ್ಪ, ಸಂಜೆವರೆಗೂ ಬಿಡಲ್ಲ" ಎಂದು ವರದಿಗಾರರು ತಮಾಷೆ ಮಾಡಿದರೆ ಅವನೂ ನಗುತ್ತಿದ್ದ.

ಆ ಕೋಣೆಯಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆಯಿತ್ತು: ತಲೆಬರಹದಲ್ಲಿ ಯಾವ ಪದವಿದೆಯೋ ಸುದ್ದಿ ಆ ಕವರಿಗೆ. 'ಗಲಾಟೆ' ಕವರು ಹೊಟ್ಟೆ ಬಿರಿಯುವಷ್ಟು ಉಬ್ಬಿತ್ತು. ಹಳೆಯ ವರದಿಗಾರರು ಪೊಲೀಸ್ ಠಾಣೆಗೆ ಫೋನು ಮಾಡಿ, ಅಲ್ಲಿ ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದರು. ಕುಡುಕನೊಬ್ಬ ಬಸ್ಸಿನ ನೆತ್ತಿಗೇರಿ ಹಾಡಿದ್ದೂ ಗಲಾಟೆ, ಮದುವೆ ಊಟದಲ್ಲಿ ಬೀಗರು ಕಿತ್ತಾಡಿದ್ದೂ ಗಲಾಟೆ, ನನ್ನ ಮಗ ಎಲ್ಲಿ ಎಂದು ಕೇಳುತ್ತ ತಾಯಿಯೊಬ್ಬಳು ಠಾಣೆಯ ಮೆಟ್ಟಿಲ ಮೇಲೆ ಕೂತದ್ದೂ ಗಲಾಟೆ.

ಭಾನುವಾರದ ಪುಟ ನೋಡಿಕೊಳ್ಳುವ ಉಪಸಂಪಾದಕ ಒಂದು ದಿನ ಬಂದು, "ಗೋಂದಣ್ಣ, ಆ ಕವರು ಕೊಡಿ. 'ನಮ್ಮೂರಿನ ಹಳೇ ಗಲಾಟೆಗಳು' ಅಂತ ನಗೆಪುಟ ಮಾಡ್ತೀನಿ. ವ್ಯಂಗ್ಯಚಿತ್ರ ಹಾಕಿಸಿದ್ರೆ ಜನ ಬಿದ್ದು ಬಿದ್ದು ನಗ್ತಾರೆ" ಎಂದ.

ಗೋಂದಣ್ಣ ಕವರಿನ ಮೇಲೆ ಕೈಯಿಟ್ಟ. ಆ ಕವರಿನಲ್ಲಿ ಅವನ ಅಕ್ಕನೂ ಇದ್ದಳು. ಕೆಲಸದ ಹೊತ್ತಿನಲ್ಲಿ ಬಟ್ಟೆ ಗಿರಣಿಯ ಬಾಗಿಲಿಗೆ ಬೀಗ ಹಾಕಬೇಡಿ, ಬೆಂಕಿ ಬಿದ್ದರೆ ಓಡುವುದೆಲ್ಲಿಗೆ ಎಂದು ಕೇಳಲು ಹೋಗಿ ಪೊಲೀಸರ ಏಟಿಗೆ ಕೈ ಮುರಿದುಕೊಂಡವಳು. ಪತ್ರಿಕೆಯಲ್ಲಿ ಬಂದದ್ದು 'ಗಿರಣಿ ಹೆಂಗಸರ ಗಲಾಟೆ', ಅದೂ ಹೆಸರು ಸಮೇತ. ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆಯಲ್ಲೇ ಇದ್ದಳು. ಭಾನುವಾರ ಬೀದಿಗೆ ಬೀದಿಯೇ ಅವಳನ್ನು ನೋಡಿ ನಕ್ಕರೆ ಅವನು ಹೇಗೆ ತಡೆದುಕೊಂಡಾನು?

ಕೇಳಿದ ಮೇಲೆ ಇಲ್ಲವೆನ್ನಲಾಗದೆ ಕವರು ಕೊಟ್ಟ. ಮನೆಗೆ ಬಂದು ಅಕ್ಕನಿಗೆ ಹೇಳಿದ. ಅವಳು ಒಣಗಿದ ಬಟ್ಟೆ ಮಡಿಸುತ್ತಿದ್ದಳು.

"ಹಾಕ್ಲಿ ಬಿಡೋ. ಚಿತ್ರದಲ್ಲಾದ್ರೂ ನನ್ನ ಮೂಗು ಸಣ್ಣಗೆ ಬರೀಲಿ."

"ನಿಂಗೆ ಎಲ್ಲಾ ಹುಡುಗಾಟ ಕಣಕ್ಕಾ."

"ಇನ್ಯಾರ್ಯಾರು ಇದಾರೋ ಅದ್ರಲ್ಲಿ?"

ಠಾಣೆಯ ಮೆಟ್ಟಿಲಿನ ತಾಯಿಯ ವಿಷಯ ಹೇಳಿದ. ಮಡಿಸುತ್ತಿದ್ದ ಕೈ ನಿಂತಿತು.

"ನಂದೇನೋ, ಕೈ ಕೂಡಿಕೊಳ್ತು. ಅವಳ ಮಗ ಸಿಕ್ಕಿದ್ನಾ?"

"ಗೊತ್ತಿಲ್ಲ. ಆಮೇಲೆ ಸುದ್ದಿ ಬರ್ಲೇ ಇಲ್ಲ."

ಅಕ್ಕ ಕಣ್ಣು ಮುಚ್ಚಿ ದೇವರಿಗೆ ಕೈ ಮುಗಿದಳು. ತನಗಾಗಿ ಅಲ್ಲ ಎಂಬುದು ತಮ್ಮನಿಗೆ ತಿಳಿಯಿತು.

ಮರುದಿನ ಅವನು ಉಪಸಂಪಾದಕನ ಮೇಜಿನ ಮುಂದೆ ನಿಂತು, ಗಿರಣಿಯ ಸುದ್ದಿಯನ್ನೂ ತಾಯಿಯ ಸುದ್ದಿಯನ್ನೂ ಎತ್ತಿ ತೋರಿಸಿದ.

"ಸರ್, ಇವೆರಡೂ ನಗೋ ಸುದ್ದಿ ಅಲ್ಲ. ಈ ಗಿರಣಿ ಸುದ್ದೀಲಿರೋದು ನಮ್ಮಕ್ಕ."

ಉಪಸಂಪಾದಕ ಕೆಟ್ಟವನಲ್ಲ. ಓದಿ ನೋಡಿ ಪೆಚ್ಚಾದ.

"ಅಯ್ಯೋ, ನಿನ್ನೆಯೇ ಹೇಳಬಾರ್ದಿತ್ತಾ? ನಿಮ್ಮಕ್ಕನದನ್ನ ತೆಗೆದುಬಿಡ್ತೀನಿ. ನಿಮಗೋಸ್ಕರ ಅಷ್ಟೂ ಮಾಡಲ್ವಾ? ಆ ತಾಯೀದು ಮಾತ್ರ ಇರ್ಲಿ, ಚಿತ್ರ ಬರೆಸಿಯಾಗಿದೆ."

ಅವನು ವಾಪಸು ಚಾಚಿದ ಅಕ್ಕನ ಸುದ್ದಿಯ ಹಾಳೆಯನ್ನು ಗೋಂದಣ್ಣ ತೆಗೆದುಕೊಳ್ಳಲಿಲ್ಲ.

"ಬೇಡ ಸರ್. ಆ ತಾಯಿಗೆ ಈ ಆಫೀಸಲ್ಲಿ ತಮ್ಮ ಇಲ್ಲ. ತೆಗೆಯೋದಾದ್ರೆ ಎರಡೂ ತೆಗೀರಿ. ಇಲ್ಲಾಂದ್ರೆ ನಮ್ಮಕ್ಕನೂ ಅವಳ ಪಕ್ಕದಲ್ಲೇ ಇರ್ಲಿ."