ಭಾವನ ಕೈ ಪಳಗಿತ್ತು

ನಮ್ಮ ಭಾವನಿಗೆ ಬಂದರಿನಲ್ಲಿ ಮೊಸಳೆ ಎಂದು ಹೆಸರು. ನೀರಿಗಿಳಿದರೆ ಮೇಲೆ ಬರಲು ಒಲ್ಲದವರು ಎಂದು ಬೇಕಾದವರು ಹೇಳುತ್ತಿದ್ದರು. ಕಚ್ಚಿದರೆ ಬಿಡುವವರಲ್ಲ ಎಂದು ಪೆಟ್ಟು ತಿಂದವರು. ಎರಡೂ ಸುಳ್ಳಲ್ಲ. ಕೋಪ ಅವರಿಗೆ ಮೂಗಿನ ತುದಿಯಲ್ಲೇ.

ಮುಳುಗಿದ ದೋಣಿಗಳನ್ನು ಕತ್ತರಿಸಿ ಮೇಲೆತ್ತುವುದು ನಮ್ಮ ಮನೆಯವರ ಕೆಲಸ. ಭಾವ ಮತ್ತು ನನ್ನ ಅಣ್ಣ ಕೆಳಗಿಳಿಯುತ್ತಿದ್ದರು. ಭಾವನ ಹೆಂಡತಿ, ಅಂದರೆ ಅಣ್ಣನಿಗೂ ನನಗೂ ದೊಡ್ಡವಳಾದ ಅಕ್ಕ, ಅವರಿಗೆ ಗಾಳಿ ಕಳಿಸುವ ಯಂತ್ರ ನೋಡಿಕೊಳ್ಳುತ್ತಿದ್ದಳು. ನಾನು ಮೇಲೆ ನಮ್ಮ ದೋಣಿಯಲ್ಲಿ ಇಬ್ಬರ ಸೊಂಟದ ಹಗ್ಗವನ್ನೂ ಹಿಡಿದು ಕೂರುತ್ತಿದ್ದೆ. ನಾನು ಎರಡು ಸಲ ಜಗ್ಗಿದರೆ 'ಹೇಗಿದ್ದೀಯ' ಎಂದರ್ಥ. ಕೆಳಗಿನವರು ಎರಡು ಸಲ ಜಗ್ಗಿದರೆ 'ಚೆನ್ನಾಗಿದ್ದೇನೆ' ಎಂದು. ತುಂಬ ಆಳದಲ್ಲಿ ಉಸಿರಾಡುವ ಗಾಳಿಯೊಳಗಿನ ಸಾರಜನಕವೇ ತಲೆಗೇರಿ ಕುಡಿದವರ ಹಾಗಾಗುತ್ತದೆ. ಮೇಲೆ ಬಂದರೆ ಆ ಅಮಲು ಇಳಿದುಹೋಗುತ್ತದೆ. ಅದಕ್ಕೇ ಉತ್ತರ ತಪ್ಪಿದವನನ್ನು ತಕ್ಷಣ ಎಳೆದುಕೊಳ್ಳಬೇಕು.

ಭಾವನ ಉತ್ತರ ಒಮ್ಮೆಯೂ ತಪ್ಪಿರಲಿಲ್ಲ. "ನಂಗೆ ಅಭ್ಯಾಸ ಆಗ್ಹೋಗಿದೆ ಕಣೋ. ದಿನಾ ಕುಡಿಯೋನಿಗೆ ಏರುತ್ತಾ?" ಎನ್ನುತ್ತಿದ್ದರು. ಆ ಅಭ್ಯಾಸ ಹೇಗಾಯಿತೆಂದು ನಮಗೆಲ್ಲ ಗೊತ್ತು. ಊಟಕ್ಕೆ ಕೂತಾಗ, ಟೀವಿ ನೋಡುವಾಗ, ಮಲಗಿದಾಗಲೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಕ್ಕನಿಂದ ಜಗ್ಗಿಸಿಕೊಳ್ಳುತ್ತಿದ್ದರು. ಗೊರಕೆ ಹೊಡೆಯುತ್ತಲೇ ಎರಡು ಸಲ ಜಗ್ಗಿ ಉತ್ತರ ಕೊಡುತ್ತಿದ್ದರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ನಿದ್ದೆಯಲ್ಲೂ ಬರುವ ಉತ್ತರವನ್ನು ನಂಬುವುದು ಹೇಗೆ ಎಂದು ಕೇಳಿದವನು ಅಣ್ಣ ಒಬ್ಬನೇ. ಭಾವ ಕೈಯಲ್ಲಿದ್ದ ತಟ್ಟೆಯನ್ನು ಅವನ ಮುಖಕ್ಕೇ ಎಸೆದರು. ಅಣ್ಣನ ತುಟಿ ಒಡೆಯಿತು, ಆ ಮಾತು ಅಲ್ಲಿಗೇ ಮುಗಿಯಿತು.

ಆ ಬೆಳಿಗ್ಗೆ ಕೆಲಸ ಇದ್ದದ್ದು ಐವತ್ತು ಮೀಟರ್ ಕೆಳಗೆ. ಮುಳುಗಿದ ಸರಕು ದೋಣಿಯ ಸರಪಳಿಗಳನ್ನು ಕತ್ತರಿಸಬೇಕಿತ್ತು. ಇಬ್ಬರೂ ಇಳಿದು ಸ್ವಲ್ಪ ಹೊತ್ತಿಗೆ ಅಣ್ಣನ ಹಗ್ಗ ನನ್ನ ಅಂಗೈ ಚರ್ಮ ಕೀಳುವಂತೆ ಎಳೆದಾಡಿತು, ಆಮೇಲೆ ಸಡಿಲವಾಯಿತು. ಭಾವನ ಹಗ್ಗ ಜಗ್ಗಿದೆ. ಎರಡು ಸಲ, ನಿಧಾನವಾಗಿ, ಅಚ್ಚುಕಟ್ಟಾಗಿ ಉತ್ತರ ಬಂತು.

ಅಕ್ಕನೂ ನಾನೂ ಸೇರಿ ಅಣ್ಣನನ್ನು ಎಳೆದುಹಾಕಿದೆವು. ಮುಖವಾಡದ ಗಾಜು ಪುಡಿಯಾಗಿತ್ತು. ಎಡಗಣ್ಣಿನಲ್ಲಿ ಅದರ ಚೂರು ನೆಟ್ಟಿತ್ತು, ದವಡೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಅಕ್ಕ ಅವನನ್ನು ಮಗುಚಿಹಾಕಿ ಬೆನ್ನಿಗೆ ಗುದ್ದಿದಳು. ನೀರು, ರಕ್ತ ಕಾರಿ ಉಸಿರೆಳೆದ. ತೊದಲಿದ್ದರಲ್ಲಿ ನಮಗೆ ತಿಳಿದದ್ದು ಎರಡೇ ಮಾತು: "ಭಾವ... ಸುತ್ತಿಗೆ." ಬಂದರಿನವರು ಇನ್ನೊಂದು ದೋಣಿಯಲ್ಲಿ ಬಂದು ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು.

ನಾನು ಭಾವನ ಹಗ್ಗ ಎಳೆಯತೊಡಗಿದೆ. ಮೈ ಹೊಂದಿಕೊಳ್ಳಲೆಂದು ದಾರಿಯಲ್ಲಿ ತಂಗಬೇಕಾದ ಕಡೆಯೆಲ್ಲ ಶಿಸ್ತಾಗಿ ತಂಗಿ ಭಾವ ಮೇಲೆ ಬಂದರು.

"ಒಂದು ಸರಪಳಿ ಕಟ್ ಆಯ್ತು. ಅವನೆಲ್ಲಿ?" ಎಂದರು ನಗುತ್ತ.

ದೋಣಿಯ ಹಲಗೆಯ ಮೇಲಿನ ರಕ್ತ ಕಂಡಾಗ ಅವರ ಮುಖ ಬಿಳಿಚಿತು. "ಅವ್ನು ನನ್ನ ಗಾಳಿ ಕದೀತಿದ್ದ... ಹಾಗನ್ನಿಸ್ತು," ಎಂದವರೇ ಕುಸಿದು ಕೂತು ಅತ್ತರು. ಮೊಸಳೆ ಕಣ್ಣೀರಲ್ಲ, ನಿಜವಾದ ಅಳು. ಅವರ ಕೈ ಮಾತ್ರ ಪಳಗಿತ್ತು. ತಲೆಗೆ ಪ್ರತಿ ಸಲವೂ ಹೊಸ ಕುಡುಕನಿಗೆ ಏರುವ ಹಾಗೆಯೇ ಅಮಲೇರುತ್ತಿತ್ತು. ನನಗೆ ಆ ಮನುಷ್ಯನನ್ನು ನೋಡಿ ಅಯ್ಯೋ ಅನ್ನಿಸಿತು, ಕೊಂದುಬಿಡೋಣ ಎಂದೂ ಅನ್ನಿಸಿತು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡರು. "ಇವತ್ತು ಸರಿಯಾಗಿ ನಿದ್ದೆ ಆಗಿರ್ಲಿಲ್ಲ, ಅದಕ್ಕೆ. ನಾಳೆ ಇನ್ನೊಂದು ಸರಪಳಿ ಮುಗಿಸ್ತೀನಿ. ಇವನನ್ನ ಕರ್ಕೊಂಡು ಇಳೀತೀನಿ," ಎಂದು ನನ್ನತ್ತ ಕೈ ತೋರಿಸಿದರು.

"ಕೆಳಗೆ ನಿಮಗೆ ಬುದ್ಧಿ ನೆಟ್ಟಗಿರುತ್ತಾ?" ಎಂದು ಅಕ್ಕ ಕೇಳಿದಳು.

"ಇವನನ್ನೇ ಕೇಳು. ಹಗ್ಗ ಜಗ್ಗಿದ್ದಕ್ಕೆ ಉತ್ತರ ಕೊಟ್ನೋ ಇಲ್ವೋ!" ಎಂದು ಬಲಗೈಯನ್ನು ಕಬ್ಬಿಣದ ಕಂಬಿಯ ಮೇಲೆ ಕುಟ್ಟಿದರು.

ಅಕ್ಕ ಅವರ ಸೊಂಟದಿಂದ ಸುತ್ತಿಗೆ ಕಿತ್ತುಕೊಂಡು ಆ ಕೈಯ ಮೇಲೇ ಬೀಸಿದಳು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಭಾವ ಕಿರುಚಿಕೊಂಡು ಕೈ ಎಳೆದುಕೊಳ್ಳುವಷ್ಟರಲ್ಲಿ ಮತ್ತೊಮ್ಮೆ ಬೀಸಿದಳು.

"ಈಗ ಇಳೀರಿ ನೋಡೋಣ," ಎಂದಳು. ಆಮೇಲೆ ಸೆರಗು ಹರಿದು ಆ ಕೈಗೆ ತಾನೇ ಕಟ್ಟಿದಳು.

ಅಣ್ಣ ಮಲಗಿದ್ದ ಆಸ್ಪತ್ರೆಗೇ ಭಾವನನ್ನೂ ಕರೆದೊಯ್ದೆವು. ಅಣ್ಣನ ಕಣ್ಣು ಉಳಿಯಲಿಲ್ಲ, ಭಾವನ ಬೆರಳುಗಳು ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಕೈಗೆ ಹೀಗೆ ಹೇಗಾಯಿತೆಂದು ಅವರು ಕೇಳಿದಾಗ ಭಾವ ತಲೆ ತಗ್ಗಿಸಿ, "ಸರಪಳಿ ಬಿತ್ತು," ಎಂದರು.

"ಅಲ್ಲ ಡಾಕ್ಟ್ರೇ," ಎಂದಳು ಅಕ್ಕ. "ನಾನೇ ಹೊಡೆದೆ. ನನಗೆ ಇನ್ನೊಬ್ಬ ತಮ್ಮ ಇದಾನೆ."